ವಸೀಲಾ ಮತ್ತು ಎರಡು ಮಾತಾಡುವ ಡಿಸ್ಕ್

ವಸೀಲಾ ಕಂಪ್ಯೂಟರ್ ರಿಪೇರಿಗೆ ಬಂದದ್ದು ಹೊಲಿಗೆ ಯಂತ್ರದ ದಾರಿಯಿಂದ. ಸ್ಫಾಕ್ಸ್ ಎಂಬ ನಮ್ಮ ಬಂದರು ಊರಿನಾಚೆಯ ಒಂದು ಕಾರ್ಖಾನೆಯಲ್ಲಿ ಹದಿನಾಲ್ಕು ವರ್ಷ ಜೀನ್ಸ್ ಪ್ಯಾಂಟಿಗೆ ಜೇಬು ಹೊಲಿದಳು. ಯಂತ್ರ ಕೆಟ್ಟರೆ ಮೆಕ್ಯಾನಿಕ್ ಬರುವ ತನಕ ಕೈಕಟ್ಟಿ ಕೂರಬೇಕು. ಅದು ಅವಳಿಂದಾಗದು. ಒಂದು ದಿನ ತಾನೇ ಸ್ಕ್ರೂ ಬಿಚ್ಚಿದಳು. ಮೇಲ್ವಿಚಾರಕ ಕೂಗಾಡಿದ, ಯಂತ್ರ ಓಡಿದ ಮೇಲೆ ಸುಮ್ಮನಾದ. ಕಾರ್ಖಾನೆ ಬಾಗಿಲು ಹಾಕುವ ಹೊತ್ತಿಗೆ ಅಲ್ಲಿನ ಮೆಕ್ಯಾನಿಕ್ ಅವಳೇ ಆಗಿದ್ದಳು. ಆಮೇಲೆ ಎರಡು ವರ್ಷ ಸಂಜೆ ತರಗತಿಗೆ ಹೋಗಿ ಕಂಪ್ಯೂಟರ್ ಕಲಿತು, ಬಾಬ್ ಜಬ್ಲಿ ಎಂಬ ಹಳೇ ಕೋಟೆ ಬಾಗಿಲ ಹತ್ತಿರ ನನ್ನ ಬೈಂಡಿಂಗ್ ಅಂಗಡಿಯ ಪಕ್ಕದ ಮಳಿಗೆ ಹಿಡಿದಳು.

ಗೊತ್ತಿಲ್ಲದ್ದನ್ನು ಗೊತ್ತು ಎನ್ನುವುದು ಅವಳ ಬಾಯಲ್ಲಿ ಬರುತ್ತಿರಲಿಲ್ಲ. ಇದರಿಂದ ಅವಳಿಗೆ ಗಿರಾಕಿಗಳು ತಪ್ಪಿದ್ದೂ ಉಂಟು. "ಡಾಕ್ಟ್ರು ನೋಡು, ಗೊತ್ತಿಲ್ದಿದ್ರೂ ಒಂದು ಮಾತ್ರೆ ಬರೆದುಕೊಡ್ತಾರೆ. ನೀನೂ ಕಲ್ತುಕೋ" ಎಂದು ನಾನು ಚುಡಾಯಿಸುತ್ತಿದ್ದೆ. "ನೀನು ಪುಸ್ತಕದ ಬೆನ್ನಿಗೆ ಗೋಂದು ಹಚ್ಚು ಅಣ್ಣ, ನನ್ನ ಬೆನ್ನಿಗಲ್ಲ" ಎನ್ನುತ್ತಿದ್ದಳು.

ಫೆಬ್ರವರಿಯ ಒಂದು ಬೆಳಿಗ್ಗೆ ತಿಜಾನಿ ಮೇಷ್ಟ್ರು ಕಂಪ್ಯೂಟರನ್ನು ಕಂಬಳಿಯಲ್ಲಿ ಸುತ್ತಿ, ಮಗುವನ್ನು ಎತ್ತಿಕೊಂಡ ಹಾಗೆ ಎತ್ತಿಕೊಂಡು ಬಂದರು. ಶಾಲೆಯಲ್ಲಿ ನನಗೆ ಅರಬ್ಬಿ ಕಲಿಸಿದವರು ಅವರು. ನಿವೃತ್ತಿಯಾದ ಮೇಲೆ ಒಂಬತ್ತು ವರ್ಷ ಕರ್ಕನ್ನಾ ದ್ವೀಪಕ್ಕೆ ಹಡಗಿನಲ್ಲಿ ಹೋಗಿ ಬಂದು, ಅಲ್ಲಿನ ಹಳೇ ಬೆಸ್ತರ ಮಾತುಗಳನ್ನು ಧ್ವನಿಮುದ್ರಿಸಿದ್ದರು. ಗಾಳಿಗೆ, ಸೆಳವಿಗೆ, ಬಲೆಯ ಒಂದೊಂದು ಗಂಟಿಗೆ ಆ ಮುದುಕರ ಬಾಯಲ್ಲಿದ್ದ ಹೆಸರುಗಳೆಲ್ಲ ಆ ಪೆಟ್ಟಿಗೆಯೊಳಗಿದ್ದವು. ಬೇರೆಲ್ಲೂ ಪ್ರತಿ ಮಾಡಿಟ್ಟಿರಲಿಲ್ಲ.

"ಮಗಳೇ, ದಿನಾ ಬೆಳಿಗ್ಗೆ ಇದು ಸಾಯ್ತೀನಿ ಅಂತ ಹೇಳ್ತದೆ. ಆಮೇಲೆ ಸಂಜೆ ತನಕ ಚೆನ್ನಾಗಿ ಕೆಲಸ ಮಾಡ್ತದೆ."

ವಸೀಲಾ ಚಾಲು ಮಾಡಿದಳು. ಕಪ್ಪು ಪರದೆಯ ಮೇಲೆ ಬಿಳಿ ಅಕ್ಷರ ಮೂಡಿತು: ಡಿಸ್ಕ್ ಕೆಡುವುದರಲ್ಲಿದೆ, ಕೂಡಲೇ ಪ್ರತಿ ಮಾಡಿಕೊಳ್ಳಿ. ಒಳಗಿದ್ದದ್ದು ಎಂಟು ತಿಂಗಳ ಹಿಂದಷ್ಟೇ ಹಾಕಿಸಿದ ಎಸ್‌ಎಸ್‌ಡಿ, ಒಳಗೆ ತಿರುಗುವುದೇನೂ ಇಲ್ಲದ ಹೊಸ ಬಗೆಯ ಡಿಸ್ಕ್. ಪರೀಕ್ಷೆ ಮಾಡುವ ಪ್ರೋಗ್ರಾಂ ಓಡಿಸಿದರೆ ಅದು ಹಸಿರು ಬಣ್ಣದಲ್ಲಿ ಉತ್ತರಿಸಿತು: ಆರೋಗ್ಯ ನೂರಕ್ಕೆ ತೊಂಬತ್ತೇಳು.

"ಯಾರ ಮಾತು ನಂಬೋದು?" ಮೇಷ್ಟ್ರು ಕೇಳಿದರು.

"ಇನ್ನೂ ಗೊತ್ತಿಲ್ಲ ಮೇಷ್ಟ್ರೇ. ಹಳೇ ಡಿಸ್ಕಾದ್ರೆ ಕಿವಿಯಿಟ್ರೆ ಟಿಕ್ ಟಿಕ್ ಅಂತಿತ್ತು. ಇದು ಉಸಿರೇ ಬಿಡಲ್ಲ."

ಕೇಬಲ್ ಬದಲಿಸಿದಳು. ಎಚ್ಚರಿಕೆ ಹೋಗಲಿಲ್ಲ. ಡಿಸ್ಕನ್ನು ಬಿಚ್ಚಿ ತನ್ನ ಕಂಪ್ಯೂಟರಿಗೆ ಹಾಕಿದಳು. ಅಲ್ಲಿ ಎಚ್ಚರಿಕೆಯೇ ಇಲ್ಲ. ಹಾಗಾದರೆ ಮೇಷ್ಟ್ರ ಪೆಟ್ಟಿಗೆಯದೇ ತಪ್ಪು ಎಂದುಕೊಂಡು ಅದಕ್ಕೆ ಬೇರೊಂದು ಡಿಸ್ಕ್ ಹಾಕಿದಳು. ಅಲ್ಲೂ ಇಲ್ಲ. ಮತ್ತೆ ಮೊದಲಿನ ಹಾಗೆ ಜೋಡಿಸಿದಳು. ಎಚ್ಚರಿಕೆ ತಟ್ಟನೆ ಹಾಜರಾಯಿತು.

ಅವಳು ನನ್ನ ಅಂಗಡಿಗೆ ಬಂದು, ಕಾಫಿ ಮುಟ್ಟದೆ ಕೂತಳು. "ಡಿಸ್ಕೂ ಸರಿಯಿದೆ, ಪೆಟ್ಟಿಗೆಯೂ ಸರಿಯಿದೆ. ಒಟ್ಟಿಗಿಟ್ರೆ ಮಾತ್ರ ಕಾಯಿಲೆ."

"ನನ್ನ ತಂಗಿ, ಅವಳ ಗಂಡ ಇದ್ದಾರಲ್ಲ, ಹಾಗೇ" ಎಂದೆ. ಅವಳು ನಗಲಿಲ್ಲ.

ನಾಲ್ಕು ದಿನ ಹುಡುಕಿದ ಮೇಲೆ, ಅಂತರ್ಜಾಲದಲ್ಲಿ ಯಾರೋ ಒಬ್ಬರು ಇದೇ ಪಾಡು ಬರೆದುಕೊಂಡದ್ದು ಸಿಕ್ಕಿತು. ಡಿಸ್ಕಿನೊಳಗೇ ಒಂದು ಸಣ್ಣ ಪ್ರೋಗ್ರಾಂ ಇರುತ್ತದೆ, ಅದು ಬರೆಯುವ ಯಾವುದೋ ಒಂದು ಅಂಕಿಯನ್ನು ಕೆಲವು ಪೆಟ್ಟಿಗೆಗಳು ತಪ್ಪಾಗಿ ಓದುತ್ತವೆ, ಹೊಸ ಪ್ರೋಗ್ರಾಂ ಹಾಕಿದರೆ ನಿಲ್ಲಬಹುದು ಎಂದಿತ್ತು. 'ಬಹುದು' ಎಂಬ ಪದ ಅವಳಿಗೆ ಹಿಡಿಸಲಿಲ್ಲ. ಹಾಗೆ ಹಾಕುವಾಗ ಒಳಗಿದ್ದದ್ದೆಲ್ಲ ಅಳಿಸಿಹೋಗುವ ಅಪಾಯವೂ ಇತ್ತು. "ಮೊದಲು ಪ್ರತಿ ಮಾಡೋಣ. ಅಲ್ಲಿವರೆಗೆ ಇದನ್ನ ಮುಟ್ಟಲ್ಲ" ಎಂದಳು.

ನಾನೂರ ಹನ್ನೆರಡು ಧ್ವನಿಮುದ್ರಣಗಳು ಒಂದೂ ತಕರಾರಿಲ್ಲದೆ ಪ್ರತಿಯಾದವು. ಮೇಷ್ಟ್ರು ಕಂಬಳಿ ಮಡಚಿ ಎದ್ದರು.

"ಕೂತ್ಕೊಳ್ಳಿ ಮೇಷ್ಟ್ರೇ. ಎಣಿಕೆ ಸರಿಯಿದೆ ಅಂದ್ರೆ ಒಳಗಿರೋದು ಸರಿಯಿದೆ ಅಂತಲ್ಲ. ಒಂದೊಂದೂ ಕೇಳಬೇಕು."

ಎರಡು ಮಧ್ಯಾಹ್ನ ಮೂವರೂ ಕೂತು ಒಂದೊಂದರಲ್ಲೂ ಒಂದಿಷ್ಟು ಕೇಳಿದೆವು. ಕೆಮ್ಮುವ ಮುದುಕರು, ಅವರ ಹಿಂದೆ ಕೂಗುವ ಕೋಳಿಗಳು. ಎರಡನೆಯ ದಿನ ಮನ್ನೂಬಿಯಾ ಎಂಬ ಅಜ್ಜಿಯ ಹೆಸರಿನ ಮುದ್ರಣ ಒತ್ತಿದಾಗ ಬರಿಯ ಗುಂಯ್ ಸದ್ದು. ಮುಂದಕ್ಕೆ ಓಡಿಸಿದರೂ ಗುಂಯ್. ನಲವತ್ತಾರು ನಿಮಿಷವೂ ಅಷ್ಟೇ.

ಮೇಷ್ಟ್ರು ಕೂತಲ್ಲಿಂದ ಎದ್ದುಬಿಟ್ಟರು. "ತಿಂದುಹಾಕ್ತು! ಡಿಸ್ಕು ಹೇಳಿದ್ದು ನಿಜವೇ ಆಯ್ತಲ್ಲ!"

ವಸೀಲಾಳೂ ಕಂಗಾಲಾದಳು. ನಾಲ್ಕು ದಿನ ಹುಡುಕಿ ತಿಳಿಯಿತು ಎಂದುಕೊಂಡದ್ದೆಲ್ಲ ತಲೆಕೆಳಗಾಯಿತು. ಬೇರೆಲ್ಲವನ್ನೂ ಬಿಟ್ಟು ಇದೊಂದನ್ನೇ ಡಿಸ್ಕ್ ಯಾಕೆ ತಿನ್ನಬೇಕು? ಕೊನೆಗೆ ಅವಳು, "ಆವತ್ತು ಮುದ್ರಿಸಿಕೊಂಡ ಯಂತ್ರ ಇದೆಯಾ?" ಎಂದು ಕೇಳಿದಳು. ಇತ್ತು. ಮೇಷ್ಟ್ರು ಮನೆಯಿಂದ ತಂದರು. ಅದರ ಕಾರ್ಡಿನಲ್ಲಿ ನಾಲ್ಕು ವರ್ಷದ ಹಿಂದಿನ ಆ ದಿನದ್ದು, ಅಳಿಸಲು ಮರೆತದ್ದು, ಇನ್ನೂ ಉಳಿದಿತ್ತು. ಒತ್ತಿದೆವು. ಅದೇ ಗುಂಯ್.

"ಮೇಷ್ಟ್ರೇ, ಆವತ್ತು ಮೈಕಿನ ಪಿನ್ ಸರಿಯಾಗಿ ಕೂತಿರಲಿಲ್ಲ. ಡಿಸ್ಕು ಏನೂ ತಿಂದಿಲ್ಲ."

ಮೇಷ್ಟ್ರು ಯಂತ್ರವನ್ನು ಕೈಗೆತ್ತಿಕೊಂಡು ಮತ್ತೊಮ್ಮೆ ಒತ್ತಿದರು. ತರಗತಿಯಲ್ಲಿ ನಮ್ಮ ತಪ್ಪುಗಳನ್ನು ಎತ್ತಿ ಹಿಡಿದು ಓದುತ್ತಿದ್ದ ಮನುಷ್ಯ. "ನಾಲ್ಕು ವರ್ಷ. ಒಂದು ಸಲವೂ ಹಾಕಿ ಕೇಳ್ಲಿಲ್ಲ ನಾನು" ಎಂದರು.

"ಆ ಅಜ್ಜಿ ಇದ್ದಾರಾ?"

"ತೊಂಬತ್ತೊಂದು ಅವರಿಗೆ. ಹೋದ ಹಬ್ಬಕ್ಕೆ ಒಣಗಿಸಿದ ಆಕ್ಟೋಪಸ್ ಕಳಿಸಿದ್ರು."

"ಹಾಗಾದ್ರೆ ನಾಳೆ ಹೋಗೋಣ. ಪಿನ್ ನಾನು ಚುಚ್ತೀನಿ."

ಮಾರನೇ ದಿನ ಇಬ್ಬರೂ ಅಂಗಡಿ ಮುಚ್ಚಿ ಮೇಷ್ಟ್ರ ಜೊತೆ ಹಡಗು ಹತ್ತಿದೆವು. ಮನ್ನೂಬಿಯಾ ಅಂಗಳದಲ್ಲಿ ಬಾರ್ಲಿ ಆರಿಸುತ್ತಾ ಕೂತಿದ್ದರು. ಗಂಡ ಸಮುದ್ರದಲ್ಲಿ ತೀರಿಕೊಂಡ ಮೇಲೆ ಹಗ್ಗ ಕಟ್ಟಿದ ಮಡಕೆಯನ್ನು ಸಮುದ್ರಕ್ಕೆ ಇಳಿಬಿಟ್ಟು, ಅದರೊಳಗೆ ಬಂದು ಅಡಗುವ ಆಕ್ಟೋಪಸ್ ಹಿಡಿದು ಐವರು ಮಕ್ಕಳನ್ನು ಸಾಕಿದ ಹೆಂಗಸು.

"ಮತ್ತೆ ಬಂದ್ಯಾ? ಹೋದ ಸಲ ಅಷ್ಟೊತ್ತು ಒದರಿದ್ನಲ್ಲ, ಅದನ್ನೇನು ಮಾಡ್ದೆ?"

"ಕಳೆದುಹೋಯ್ತು ಅಮ್ಮಾ. ತಪ್ಪು ನಂದೇ."

"ಹೋಗ್ಲಿ ಬಿಡು. ಏನು ಹೇಳಿದ್ದೆ ಅಂತ ನಂಗೂ ನೆನಪಿಲ್ಲ. ಬೇರೆ ಹೇಳ್ತೀನಿ, ಕೇಳು."

ವಸೀಲಾ ಕಿವಿಗೆ ಹೆಡ್‌ಫೋನ್ ಹಾಕಿಕೊಂಡು, ಮೈಕು ಹಿಡಿದು ಅವರ ಕಾಲ ಬಳಿ ಕೂತಳು. ಎರಡೂವರೆ ಗಂಟೆ ಅಜ್ಜಿ ನಿಲ್ಲಿಸಲಿಲ್ಲ. ಗಂಡಸರು ಹೇಳದ, ಹೆಂಗಸರಷ್ಟೇ ಬಳಸುತ್ತಿದ್ದ ಮೂವತ್ತೆಂಟು ಪದಗಳು ಆ ದಿನ ಸಿಕ್ಕವು ಎಂದು ಮೇಷ್ಟ್ರು ಆಮೇಲೆ ಲೆಕ್ಕ ಹಾಕಿದರು. ನಡುವೆ ವಸೀಲಾ ತಡೆಯಲಾರದೆ ಕೇಳಿಬಿಟ್ಟಳು, "ಅಜ್ಜಿ, ಮಡಕೆಯೊಳಗೆ ಅದು ಇದೆಯೋ ಇಲ್ಲವೋ ಅಂತ ಹಗ್ಗ ಎಳೆಯೋವಾಗ ಹೇಗೆ ಗೊತ್ತಾಗುತ್ತೆ?"

"ಭಾರದಲ್ಲಿ ಗೊತ್ತಾಗ್ತದೆ."

"ನೀರು ತುಂಬಿದ ಖಾಲಿ ಮಡಕೆಯೂ ಭಾರ ಅಲ್ವಾ?"

"ಅಯ್ಯೋ ಹುಡುಗಿ, ಎಷ್ಟು ಸಲ ಮೋಸ ಹೋಗಿದೀನಿ! ದಡದಲ್ಲಿ ನಿಂತೋರೆಲ್ಲ ನಗೋರು." ಅಜ್ಜಿ ಹಲ್ಲಿಲ್ಲದ ಬಾಯಿ ತೆರೆದು ನಕ್ಕರು.

ಊರಿಗೆ ಮರಳಿದ ಮೇಲೆ ವಸೀಲಾ ಡಿಸ್ಕಿಗೆ ಹೊಸ ಪ್ರೋಗ್ರಾಂ ಹಾಕಿದಳು. ಏನೂ ಅಳಿಸಿಹೋಗಲಿಲ್ಲ. ಚಾಲು ಮಾಡಿದರೆ ಎಚ್ಚರಿಕೆ ಬರಲಿಲ್ಲ. ಮೇಷ್ಟ್ರು ಚಪ್ಪಾಳೆ ತಟ್ಟಿದರು, ನಾನೂ ತಟ್ಟಿದೆ. ಅವಳು ಮಾತ್ರ ಪರದೆಯನ್ನೇ ನೋಡುತ್ತಿದ್ದಳು.

"ಯಾಕೆ ಮುಖ ಹೀಗಿದೆ?" ಎಂದೆ.

"ವಾಸಿ ಮಾಡಿದ್ನಾ, ಬಾಯಿ ಮುಚ್ಚಿಸಿದ್ನಾ ಗೊತ್ತಾಗ್ತಿಲ್ಲ ಅಣ್ಣ."

ರಸೀದಿಯಲ್ಲಿ 'ದೋಷದ ಕಾರಣ' ಎಂಬ ಜಾಗದಲ್ಲಿ 'ಪೂರ್ತಿ ತಿಳಿಯಲಿಲ್ಲ' ಎಂದೇ ಬರೆದಳು. ಮೇಷ್ಟ್ರು ಕನ್ನಡಕ ಏರಿಸಿ ಓದಿ, ಕಾಗುಣಿತ ಸರಿಯಿದೆ ಎಂದು ಹೇಳಿ ಜೇಬಿಗೆ ಹಾಕಿಕೊಂಡರು.

ಇದಾಗಿ ಮೂರು ವರ್ಷ. ಆ ಡಿಸ್ಕ್ ಇನ್ನೂ ಓಡುತ್ತಿದೆ. ಧ್ವನಿಗಳ ಮೂರು ಪ್ರತಿಗಳು ಮೂರು ಕಡೆ ಇವೆ, ಒಂದು ನನ್ನ ಅಂಗಡಿಯ ಕಪಾಟಿನಲ್ಲಿ. ಮನ್ನೂಬಿಯಾ ಅಜ್ಜಿ ಈಗ ಮೊಮ್ಮಗಳ ಫೋನಿನಿಂದ ಮೇಷ್ಟ್ರಿಗೆ ಕರೆ ಮಾಡಿ, ಹೊಸದಾಗಿ ನೆನಪಾದ ಪದವೊಂದನ್ನು ಹೇಳಿ ಇಟ್ಟುಬಿಡುತ್ತಾರೆ. ವಸೀಲಾ ಮಾತ್ರ ಆರು ತಿಂಗಳಿಗೊಮ್ಮೆ ಮೇಷ್ಟ್ರ ಮನೆಗೆ ಹೋಗಿ, ಆ ಪೆಟ್ಟಿಗೆ ಬಿಚ್ಚಿ, ಎಲ್ಲ ಪರೀಕ್ಷೆಗಳನ್ನೂ ಓಡಿಸಿ, ತಲೆ ಕೆರೆದುಕೊಳ್ಳುತ್ತಾ ವಾಪಸು ಬರುತ್ತಾಳೆ.