ದೊಡ್ಡ ಡಾಕ್ಟರ ಹೆಸರು

ಹುಣಸೂರಿನ ಆಸ್ಪತ್ರೆಯಲ್ಲಿ ನಾನು ನರ್ಸು. ಫಿನ್ಲೆಂಡಿನ ಕೆಲಸಕ್ಕೆಂದು ಆನ್‌ಲೈನ್‌ನಲ್ಲಿ ಫಿನ್ನಿಶ್ ಕಲಿಯುತ್ತಿದ್ದೆ. ಕಾಯಿಲೆ, ಔಷಧಿ ಎಲ್ಲ ವಿವರಿಸುವಷ್ಟು ಪಳಗಿದ್ದೆ. ಆದರೆ ಟೀಚರ್ ಒಂದು ದಿನ, "ಫಿನ್ಲೆಂಡಿನಲ್ಲಿ ಡಾಕ್ಟರನ್ನೂ ಹೆಸರು ಹಿಡಿದೇ ಕರೀಬೇಕು, ಸರ್ ಅನ್ನಬಾರದು" ಅಂದರು. ಅದನ್ನು ಅವ್ವನಿಗೆ ಹೇಳಿದೆ.

ಅವರೆಕಾಯಿ ಬಿಡಿಸುತ್ತಿದ್ದ ಅವ್ವ, "ಅಂಗೆಲ್ಲಾ ಕರೆದ್ರೆ ಮನೆಗೆ ಕಳಿಸ್ತಾರೆ ಕಣವ್ವ!" ಅಂದಳು. ಆದರೂ ಬಾಯಿಗೆ ರೂಢಿಯಾಗಲೆಂದು ನಮ್ಮ ದೊಡ್ಡ ಡಾಕ್ಟರು ಪುಟ್ಟರಾಜು ಅವರ ಹೆಸರನ್ನೇ ಇಟ್ಟುಕೊಂಡು ಮನೆಯಲ್ಲಿ ಅಭ್ಯಾಸ ಮಾಡಿದೆ.

ಮಾರನೇ ದಿನ ವಾರ್ಡಿನಲ್ಲಿ ಅಜ್ಜಿಯೊಬ್ಬರು ತಲೆಸುತ್ತಿ ಬಿದ್ದರು. ಗಾಬರಿಯಲ್ಲಿ ಕೂಗಿಬಿಟ್ಟೆ: "ಪುಟ್ಟರಾಜು, ಬೇಗ ಬನ್ನಿ!"

ಇಡೀ ವಾರ್ಡು ನನ್ನ ಕಡೆ ತಿರುಗಿತು. ಓಡಿಬಂದು ಅಜ್ಜಿಗೆ ಚಿಕಿತ್ಸೆ ಕೊಟ್ಟ ಡಾಕ್ಟರು ಆಮೇಲೆ ಬಾಗಿಲ ಕಡೆ ತಿರುಗಿದರು. "ಯಾರಮ್ಮ ಆ ಪುಟ್ಟರಾಜು? ಅಷ್ಟು ಕೂಗಿದ್ರೂ ಬರಲಿಲ್ಲವಲ್ಲ!"

ನಾನೂ ಬಾಗಿಲ ಕಡೆಗೇ ನೋಡಿದೆ.