ಮೇಜಿನ ಮೇಲೆ ಎರಡು ಡಬ್ಬಿ

ಅವರ ಬಲಗೈ ಹೆಬ್ಬೆರಳಿನ ಉಗುರು ಎಂದೋ ಸೀಳಿ, ಸೀಳಿದಂತೆಯೇ ಬೆಳೆದಿತ್ತು. ಯಾವ ವಸ್ತು ಕೈಗೆ ಬಂದರೂ ಆ ಉಗುರನ್ನು ಅದರ ಬೆಸುಗೆಯ ಮೇಲೆ ಎಳೆದು ನೋಡುವುದು ಅವರ ಚಾಳಿ. ಹೋಟೆಲಿನಲ್ಲಿ ಕಾಫಿ ಕುಡಿದು ಲೋಟ ಮಗುಚುತ್ತಿದ್ದರು. ಮದುವೆಗೆ ಹೋದರೆ ವಧೂವರರಿಗಿಂತ ಮೊದಲು ಮಡಚುವ ಕುರ್ಚಿಯ ಕಾಲು ನೋಡುತ್ತಿದ್ದರು. "ಬುಡ ನೋಡದೆ ಯಾವುದನ್ನೂ ಹೊಗಳಬೇಡ ಕಣೇ" ಎನ್ನುತ್ತಿದ್ದರು. ಪೀಣ್ಯದಲ್ಲಿ ಅಡುಗೆಮನೆ ಸಾಮಾನು ವಿನ್ಯಾಸ ಮಾಡುವ ಅವರ ಪುಟ್ಟ ಕಚೇರಿಯಲ್ಲೇ ನನಗೆ ಮೊದಲ ಕೆಲಸ ಸಿಕ್ಕಿದ್ದು. ನಮಗೆಲ್ಲ ಅವರು ಮೇಡಂ.

ತಿಂಗಳಿಗೊಂದು ಶನಿವಾರ ನಮ್ಮಂಥ ವಿನ್ಯಾಸಕಾರರು ದಾಸರಹಳ್ಳಿಯ ಹೋಟೆಲೊಂದರ ಮಹಡಿಯಲ್ಲಿ ಸೇರುತ್ತಿದ್ದೆವು. ಅಲ್ಲಿ ಎಲ್ಲ ಮಾತೂ ಬರುತ್ತಿತ್ತು, ಪೇಟೆಂಟ್ ಜಗಳವೊಂದನ್ನು ಬಿಟ್ಟು. ಯಾರು ಯಾರದನ್ನು ಕದ್ದರು ಎನ್ನುವುದು ಮೆಟ್ಟಿಲಿಳಿಯುವಾಗ ಕಿವಿಯಲ್ಲಿ ಮಾತ್ರ. ಮೇಡಂಗೆ ಇದು ಸರಿಬರುತ್ತಿರಲಿಲ್ಲ.

"ಮೆಟ್ಟಿಲ ಮೇಲೆ ಆಡೋದನ್ನ ಇಲ್ಲೇ ಆಡ್ರಪ್ಪ. ಇಬ್ಬರನ್ನೂ ಕರೀರಿ, ಎರಡೂ ಸಾಮಾನು ಮೇಜಿನ ಮೇಲಿಡಿ."

"ಮನೆ ಜಗಳ ಬೀದಿಗೆ ಯಾಕೆ ಮೇಡಂ? ನಾಳೆ ಕೋರ್ಟಲ್ಲಿ ನಮ್ಮ ಮಾತೇ ನಮಗೆ ಉರುಳಾಗುತ್ತೆ" ಎಂದು ಗುಂಪಿನ ಹಿರಿಯರೊಬ್ಬರು ತಡೆಯುತ್ತಿದ್ದರು. ಅದೂ ಸುಳ್ಳೇನಲ್ಲ ಎಂದು ನನಗನ್ನಿಸುತ್ತಿತ್ತು.

ಕೊನೆಗೆ ಜಗಳ ಮೇಡಂ ಬಾಗಿಲಿಗೇ ಬಂತು. ಬಸ್ಸಿನ ನೂಕುನುಗ್ಗಲಲ್ಲೂ ಸಾರು ಚೆಲ್ಲದ ಊಟದ ಡಬ್ಬಿಯೊಂದನ್ನು ಅವರು ಮಾಡಿದ್ದರು. ಗುಟ್ಟೆಲ್ಲ ಮುಚ್ಚಳದ ಓರೆ ಕೊಂಡಿಯಲ್ಲಿತ್ತು. ಅಲುಗಾಡಿದಷ್ಟೂ ಅದು ಬಿಗಿಯಾಗುತ್ತಿತ್ತು. ಪೇಟೆಂಟ್ ಅವರ ಹೆಸರಿನಲ್ಲಿತ್ತು, ಅದನ್ನೇ ನಂಬಿ ತಯಾರಿಕೆಗೆಂದು ಒಂದು ಶೆಡ್ ಹಿಡಿದಿದ್ದೆವು. ಅಷ್ಟರಲ್ಲಿ ವೈಟ್‌ಫೀಲ್ಡ್ ಕಡೆಯ ಇಬ್ಬರು ಹುಡುಗರು ಅಂಥದೇ ಡಬ್ಬಿ ಮಾರತೊಡಗಿದರು. ಮೇಡಂ ನೋಟಿಸ್ ಕೊಟ್ಟರು. ಬಾಯಿಗೆ ಬೀಗ ಹಾಕಿಕೊಳ್ಳಿ ಎಂದರು ವಕೀಲರು. ಇವರು ಆ ಹುಡುಗರನ್ನು ಶನಿವಾರದ ಸಭೆಗೇ ಕರೆದರು!

ಎರಡು ಡಬ್ಬಿಗಳನ್ನೂ ಮೇಜಿನ ಮೇಲಿಟ್ಟು, "ಇದು ನನ್ನದು ಅಂತ ನಾನು ನಂಬಿದೀನಿ. ಇಂಥದ್ದನ್ನ ಮೊದಲೇ ಎಲ್ಲಾದ್ರೂ ನೋಡಿದ್ರೆ ಹೇಳಿ" ಎಂದರು.

ನಾನು ನೋಡಿದ್ದೆ. ಹಿಂದಿನ ದಿನವಷ್ಟೇ, ಚಿಕ್ಕಪ್ಪನ ಮಗಳ ಮದುವೆಯಲ್ಲಿ. ಅಡುಗೆಯವರು ಟೆಂಪೋದಿಂದ ಇಳಿಸಿದ ಹಳೆಯ ಸಾಂಬಾರ್ ಕೊಳಗಕ್ಕೆ ಅದೇ ಓರೆ ಕೊಂಡಿ. ಮೇಡಂ ಅಂಟಿಸಿದ ಚಾಳಿಯಿಂದಲೇ ಬಗ್ಗಿ ನೋಡಿ ಫೋಟೊ ತೆಗೆದಿದ್ದೆ. ನನ್ನ ಮುಖ ನೋಡಿಯೇ ಅವರಿಗೆ ಗೊತ್ತಾಯಿತು.

"ಏನೇ? ಏನೋ ಇದೆ ನಿನ್ನ ಹತ್ರ."

"ಆಮೇಲೆ ಹೇಳ್ತೀನಿ ಮೇಡಂ."

"ಆಮೇಲೆ ಅಂದ್ರೆ ಮೆಟ್ಟಿಲ ಮೇಲಾ? ಇಲ್ಲೇ ತೋರ್ಸು."

ಫೋನು ಕೈಯಿಂದ ಕೈಗೆ ಹೋಯಿತು. ಮೊದಲೇ ಬಳಕೆಯಲ್ಲಿದ್ದ ವಸ್ತುವಿಗೆ ಪೇಟೆಂಟ್ ನಿಲ್ಲುವುದಿಲ್ಲವಲ್ಲ, ಹುಡುಗರ ಮುಖ ಅರಳಿತು. ಉಂಡ ಮನೆಗೆ ಎರಡು ಬಗೆದೆನಲ್ಲ ಎಂದು ನನಗೆ ಸಂಕಟವಾಯಿತು.

ಮರುದಿನವೇ ಮೇಡಂ ನನ್ನನ್ನು ಕರೆದುಕೊಂಡು ಹೂಡಿಯಲ್ಲಿದ್ದ ಆ ಅಡುಗೆಯವರ ಮನೆಗೆ ಹೋದರು. ಕೊಂಡಿಯ ಮೇಲೆ ಉಗುರೆಳೆದರು, ತೆಗೆದರು, ಹಾಕಿದರು.

"ಯಾವಾಗಿಂದ ಇದೆ ಅಣ್ಣ ಇದು?"

"ನಮ್ಮಪ್ಪನ ಕಾಲದ್ದು ಮೇಡಂ. ಯಾರ್ ಮಾಡಿದ್ರೋ ಏನ್ ಕತೆಯೋ. ಎತ್ತಿನ್ ಗಾಡೀಲಿ ಒಯ್ಯೋವಾಗ್ಲೂ ಒಂದ್ ತೊಟ್ಟು ಚೆಲ್ತಿರ್ಲಿಲ್ಲ."

ವಾಪಸು ಬರುವಾಗ ಆಟೋದಲ್ಲಿ ನಾನು ಅತ್ತುಬಿಟ್ಟೆ. ಅವರು ಹೊರಗೆ ನೋಡುತ್ತಲೇ, "ಆ ಪುಣ್ಯಾತ್ಮಂಗೆ ಇದು ಹೆಂಗೆ ಹೊಳೀತು ಅಂತೀಯ?" ಎಂದರು. ನೋಟಿಸ್ ಹಿಂದಕ್ಕೆ ತೆಗೆದುಕೊಂಡರು. ಮುಂದಿನ ಸಭೆಯಲ್ಲಿ ತಾವೇ ಎದ್ದು ಎಲ್ಲವನ್ನೂ ಹೇಳಿದರು. ಶೆಡ್ ಬಿಡಬೇಕಾಯಿತು. ಅವರಿಗೆ ನೋವಾಗಲಿಲ್ಲ ಎಂದರೆ ಸುಳ್ಳು. ಬಹಳ ದಿನ ಆ ಡಬ್ಬಿಯಲ್ಲಿ ಊಟ ತರಲಿಲ್ಲ.

ಅವರು ತೀರಿಕೊಂಡು ವರ್ಷವಾಯಿತು. ಸುಮ್ಮನಿದ್ದಿದ್ದರೆ ಗೆಲ್ಲುತ್ತಿದ್ದರು ಎಂದು ಗುಂಪಿನ ಆ ಹಿರಿಯರು ಈಗಲೂ ಹೇಳುತ್ತಾರೆ. ಇರಬಹುದು. ನನ್ನ ತಲೆಯಲ್ಲೂ ಆ ಮಾತು ಕೊರೆಯುತ್ತಲೇ ಇತ್ತು.

ಮೊನ್ನೆ ನಾನು ಪೇಟೆಂಟ್ ಪಡೆದ ತುರಿಮಣೆಯಂಥದ್ದನ್ನೇ ಬೇರೆ ಯಾರೋ ಮಾರುವುದು ಕಣ್ಣಿಗೆ ಬಿತ್ತು. ವಕೀಲರದು ಅದೇ ಬುದ್ಧಿವಾದ. ಶನಿವಾರ ಎರಡನ್ನೂ ಮೇಜಿನ ಮೇಲಿಟ್ಟೆ. "ಇಂಥದ್ದನ್ನ ಮೊದಲೇ ಎಲ್ಲಾದ್ರೂ..." ಎನ್ನುವಾಗ ಯಾರೂ ಕೈ ಎತ್ತದಿರಲಿ ಎಂದು ಮನಸ್ಸು ಬೇಡುತ್ತಿತ್ತು. ಅವತ್ತು ಮೇಡಂಗೆ ಎಷ್ಟು ಭಯವಾಗಿರಬೇಕು ಎಂದು ಆಗ ಗೊತ್ತಾಯಿತು.

ಹಿಂದಿನ ಸಾಲಿನಲ್ಲಿ ಯಾರೋ ಕೈ ಎತ್ತಿದರು.

"ಬನ್ನಿ," ಎಂದೆ. "ಇಲ್ಲೇ ತೋರ್ಸಿ."