ಕೂತಾಗಿನ ಎತ್ತರ

ಗಫಾರ್ ಸಾಬರು ನಿಂತಿರುವ ಮನುಷ್ಯನನ್ನು ನೋಡುತ್ತಲೇ ಇರಲಿಲ್ಲ. ಎಂಥ ಆರಡಿ ಆಳು ಬಾಗಿಲಲ್ಲಿ ತಲೆ ಬಗ್ಗಿಸಿ ಒಳಗೆ ಬಂದರೂ, ಬಾಯಲ್ಲಿ ಕಚ್ಚಿದ ದಾರದ ತುದಿ ಬಿಡದೆ ಬೆಂಚಿನ ಕಡೆ ಕೈ ತೋರಿಸುವರು. ಬಂದವರು ಕೂತ ಮೇಲೆಯೇ ಅವರ ಕನ್ನಡಕ ಮೇಲೇಳುತ್ತಿದ್ದದ್ದು. ಆಮೇಲೆ ಒಂದೇ ಪ್ರಶ್ನೆ:

“ಉದ್ದ ಎಲ್ಲೈತೆ ನಿಮ್ಗೆ? ಕಾಲಲ್ಲೋ, ಬೆನ್ನಲ್ಲೋ?”

ರಾಮನಗರದಲ್ಲಿ, ನಮ್ಮ ಮನೆಯಿಂದ ಎರಡು ಬೀದಿ ಆಚೆ, ಅವರದು ವಾಹನಗಳ ಸೀಟು ಹೊಲಿಯುವ ಕುಶನ್ ಅಂಗಡಿ. ಅಣ್ಣತಮ್ಮಂದಿರೆಲ್ಲ ರೇಷ್ಮೆ ನೂಲು ತೆಗೆಯುವ ಕಸುಬಿನಲ್ಲಿದ್ದರು. “ಬಿಸಿನೀರಲ್ಲಿ ಕೈ ಬೇಯಿಸ್ಕೊಳ್ಳೋಕೆ ನನ್ಗಾಗ್ಲಿಲ್ಲ ಅಮ್ಮಾ” ಎಂದು ನನ್ನೊಡನೆ ನಗುತ್ತಿದ್ದ ಸಾಬರೊಬ್ಬರೇ ಲಾರಿ, ಜೀಪುಗಳ ಕಡೆ ಬಂದವರು. ಮೃದುವಾದ ದನಿ, ಕಡ್ಡಿಯಂಥ ಮೈ, ಬೆರಳ ತುದಿಗಳಲ್ಲಿ ಸೂಜಿ ಚುಚ್ಚಿದ ಕಪ್ಪು ಚುಕ್ಕೆಗಳು.

ನಾವು ಅವರಲ್ಲಿಗೆ ಹೋದದ್ದು ನಮ್ಮ ಯಜಮಾನರ ಮಂಡಿಗಳ ದೆಸೆಯಿಂದ. ಇವರದು ಆರಡಿ ಮೂರಂಗುಲ. ಸೋದರಮಾವನಿಂದ ಬಂದಿದ್ದ ಕಾರು ವಿಲಾಯಿತಿಯ ಹಳೆಯ ಸ್ಪೋರ್ಟ್ಸ್ ಕಾರು: ಎರಡೇ ಸೀಟು, ಕ್ಯಾನ್ವಾಸಿನ ಮೇಲುಹೊದಿಕೆ, ನನ್ನ ಸೊಂಟದೆತ್ತರಕ್ಕೂ ಬಾರದ ಬಾಗಿಲು. ಇವರು ಒಳಗೆ ಕೂತರೆ ಮಂಡಿಗಳು ಸ್ಟೀರಿಂಗಿನ ಆಚೀಚೆ ಎದ್ದು ನಿಲ್ಲುತ್ತಿದ್ದವು, ತಲೆ ಕ್ಯಾನ್ವಾಸನ್ನು ಡೇರೆಯ ಕಂಬದಂತೆ ಎತ್ತುತ್ತಿತ್ತು. ಕನಕಪುರಕ್ಕೆ ಹೋಗಿ ಬಂದ ದಿನ ಇಳಿಸಿಕೊಳ್ಳಲು ನಾನು ಎರಡೂ ಕೈ ಕೊಡಬೇಕಾಗುತ್ತಿತ್ತು. ಆದರೂ ಆ ಕಾರನ್ನು ಬಿಡಲೊಲ್ಲರು.

ಸಾಬರ ಬೆಂಚಿನ ಮೇಲೆ ರಾಗಿ ಹೊಟ್ಟು ತುಂಬಿದ ಒಂದು ಗೋಣಿಚೀಲ ಇರುತ್ತಿತ್ತು. ಕೂತವರ ಅಚ್ಚು ಅದರಲ್ಲಿ ಇಳಿಯಬೇಕು. ಇವರನ್ನು ಅದರ ಮೇಲೆ ಕೂರಿಸಿ, “ಮಾತಾಡ್ತಾ ಇರಿ ಸಾರ್” ಎಂದು ತಮ್ಮ ಹೊಲಿಗೆ ಹಿಡಿದರು. ಮಾವ ಕಾರು ತರಿಸಿದ ಕಥೆ, ಕೈಲಾಂಚದ ದಾರಿಯಲ್ಲಿ ಅದು ಕೆಟ್ಟು ನಿಂತ ಕಥೆ ಎಲ್ಲ ಮುಗಿಯಿತು. ಅರ್ಧ ಗಂಟೆಯಾದರೂ ಅಳತೆಯ ಸುದ್ದಿಯಿಲ್ಲ. ನಾನು ಗಡಿಯಾರ ನೋಡಿದ್ದನ್ನು ಕಂಡು ಸಾಬರು ನನ್ನ ಕಡೆ ಬಾಗಿ ಪಿಸುಗುಟ್ಟಿದರು:

“ಅಳ್ತೆ ತಗೋತಾರೆ ಅಂತ ಗೊತ್ತಾದ್ರೆ ಎಲ್ಲಾರೂ ಫೋಟೋಗೆ ಕುಂತಂಗೆ ಕುಂತ್ಕೋತಾರಮ್ಮ. ಅದು ಮರ್ತೋಗ್ಬೇಕು. ಮರ್ತ ಮ್ಯಾಲೇ ಅಸ್ಲಿ ಮನುಸ ಕೂರಾದು.”

ಸ್ವಲ್ಪ ಹೊತ್ತಿಗೆ ಇವರ ಭುಜ ಇಳಿಯಿತು, ಬೆನ್ನು ಬಾಗಿತು. ಆಗ ಸಾಬರು ಎದ್ದು ಟೇಪು ಹಿಡಿದರು. “ಸಾರ್‌ಗೆ ಎರಡು ಕಡೆನೂ ಉದ್ದ ಐತೆ. ದ್ಯಾವ್ರು ಒಸಿ ಧಾರಾಳ ಮಾಡ್ಬುಟ್ಟವ್ನೆ!”

ಸೀಟಿನ ಸ್ಪ್ರಿಂಗುಗಳನ್ನೆಲ್ಲ ತೆಗೆದು, ಮಂಚಕ್ಕೆ ಹೆಣೆಯುವ ನವಾರನ್ನೇ ಅದರ ಚೌಕಟ್ಟಿಗೆ ಹೆಣೆದರು. ಬೆನ್ನೊರಗನ್ನು ಹಿಂದಕ್ಕೆ ತಳ್ಳಿ ಮಧ್ಯೆ ತೋಡಿದರು. ಮಂಡಿಗೆ ಬಡಿಯುತ್ತಿದ್ದ ಗೇರ್ ಕಡ್ಡಿಯ ತುದಿಯ ಗುಂಡನ್ನು ಬಿಚ್ಚಿ, ಚನ್ನಪಟ್ಟಣದಲ್ಲಿ ಗೊಂಬೆ ಕಡೆಯುವವರಿಂದ ಚಿಕ್ಕದೊಂದನ್ನು ಮಾಡಿಸಿ ತಂದರು. ಆಮೇಲೆ ಇವರು ಕೂತಾಗ ತಲೆಗೂ ಕ್ಯಾನ್ವಾಸಿಗೂ ನಡುವೆ ನಾಲ್ಕು ಬೆರಳು ಜಾಗ. ಆ ಜಾಗದಲ್ಲಿ ಕೈಯಾಡಿಸಿ ನೋಡಿ ಇವರು ನಕ್ಕ ನಗು ನನಗಿನ್ನೂ ನೆನಪಿದೆ.

ಸುದ್ದಿ ಹರಡಿತು. ಬೆಂಗಳೂರಿನಿಂದ ಭಾನುವಾರಗಳಲ್ಲಿ ಹಳೆಯ ಪುಟ್ಟ ಕಾರುಗಳು, ಅವುಗಳೊಳಗೆ ಮಡಿಸಿಕೊಂಡು ಕೂತ ಎತ್ತರದ ಗಂಡಸರು ಬರತೊಡಗಿದರು. ಒಮ್ಮೆ ಒಬ್ಬರು ಕಾಗದದಲ್ಲಿ ಅಳತೆ ಬರೆದುಕೊಂಡೇ ಬಂದಿದ್ದರು.

“ಆರಡಿ ಎರಡಿಂಚು. ಎಲ್ಲಾ ಇದರಲ್ಲಿದೆ, ನನಗೆ ಟೈಮಿಲ್ಲ.”

“ಇದು ನಿಂತ್ಕಂಡಾಗಿನ ಲೆಕ್ಕ ಸಾರ್. ನಿಂತ್ಕಂಡು ಓಡಿಸ್ತೀರಾ?”

ಅವರ ಮುಖ ಕೆಂಪಾಯಿತು. ಆದರೂ ಕೂತರು. ಹೋಗುವಾಗ ತಮ್ಮ ಬೆನ್ನುನೋವು, ಮಗಳ ಮದುವೆ ಎಲ್ಲ ಹೇಳಿ ಹೋದರಂತೆ.

ಇವರು ತೀರಿಕೊಂಡದ್ದು ಮೂರೇ ದಿನದ ಜ್ವರದಲ್ಲಿ. ಮನೆಯಲ್ಲಿ ನಾನೊಬ್ಬಳೇ ಉಳಿದೆ. ಕಾರು ಮಾರಿಬಿಡಿ ಎಂದರು ಬಂದವರೆಲ್ಲ. ಮದುವೆಯಾದ ಹೊಸದರಲ್ಲಿ ಇವರೇ ಹಟ ಹಿಡಿದು ನನಗೆ ಡ್ರೈವಿಂಗ್ ಕಲಿಸಿದ್ದರು. ಒಂದು ಬೆಳಿಗ್ಗೆ ಶೆಡ್ಡಿಗೆ ಹೋಗಿ ಇವರ ಸೀಟಿನಲ್ಲಿ ಕೂತೆ. ಬಾವಿಗೆ ಇಳಿದಂತೆ ಇಳಿದುಹೋದೆ. ಸ್ಟೀರಿಂಗಿನ ಮೇಲಂಚು ಮತ್ತು ಒಂದು ಚೂರು ಗೋಡೆ, ಅಷ್ಟೇ ಕಂಡದ್ದು. ಕಾಲು ಬ್ರೇಕನ್ನು ಮುಟ್ಟಲಿಲ್ಲ. ಎಷ್ಟೋ ಹೊತ್ತು ಹಾಗೇ ಕೂತಿದ್ದೆ. ಏಳುವಾಗ ನಿರ್ಧಾರವಾಗಿತ್ತು, ಇದನ್ನು ನಾನೇ ಓಡಿಸಬೇಕು.

ಪಕ್ಕದ ಮನೆಯವರಿಂದ ಕಾರನ್ನು ಸಾಬರಲ್ಲಿಗೆ ಸಾಗಿಸಿದೆ. “ಇದರ ಮೇಲೆ ಎರಡು ದಿಂಬು ಹೊಲಿದುಕೊಡಿ ಸಾಬ್ರೇ, ಸಾಕು.”

“ಆಗಲ್ಲಮ್ಮ. ಬ್ರೇಕ್ ಒತ್ತಿದ್ರೆ ದಿಂಬು ಜಾರ್ತದೆ, ಜೊತೆಗೆ ನೀವೂ ಜಾರ್ತೀರಿ. ಸಾರ್ ಸೀಟು ಪೂರ್ತಿ ಬಿಚ್ಚಬೇಕು.” ಸೀಟಿನ ತಗ್ಗಿನ ಮೇಲೆ ಅಂಗೈ ಇಟ್ಟು ಅಂದರು, “ಬಿಚ್ಚಿದ ಮ್ಯಾಲೆ ಸಾರ್ ಕುಂತಿದ್ದು ಏನೂ ಉಳಿಯಲ್ಲ. ಯೋಚ್ನೆ ಮಾಡಿ.”

ಒಂದು ವಾರ ಯೋಚಿಸಿ, ಬಿಚ್ಚಿ ಎಂದೆ. ಬ್ಲೇಡು ಹಾಕುವ ಮುಂಚೆ ಅವರು ತಲೆಯ ಟೋಪಿ ಸರಿಮಾಡಿಕೊಂಡರು.

ನನ್ನ ಅಳತೆಗೆ ಒಂದು ದಿನ ಸಾಲಲಿಲ್ಲ. ಕಾನ್ವೆಂಟಿನ ಸಿಸ್ಟರುಗಳು ಬೆನ್ನಿಗೆ ಸ್ಕೇಲಿಟ್ಟು ಕೂರಿಸಿದವಳು ನಾನು. “ಇಸ್ಕೂಲಲ್ಲಿ ಕುಂತಂಗೆ ಕುಂತಿದ್ದೀರಿ. ನಾಳೆ ಬನ್ನಿ” ಎಂದರು. ಮರುದಿನವೂ ನಾಳೆ. ಮೂರನೆಯ ದಿನ ಹುಣಸೆಹಣ್ಣಿನ ಬೆಲೆ, ಸಿಸ್ಟರುಗಳ ಇಂಗ್ಲಿಷ್ ಹಾಡು, ಇವರ ಗೊರಕೆ, ಏನೇನೋ ಹೇಳುತ್ತಾ ಹೋದೆ. ತಿಂಗಳುಗಳಿಂದ ಯಾರೊಡನೆಯೂ ಅಷ್ಟು ಮಾತಾಡಿರಲಿಲ್ಲ. ಎದ್ದಾಗ ಸಾಬರು ಚೀಲದ ಮೇಲಿನ ಅಚ್ಚನ್ನು ನೋಡುತ್ತಾ ನಿಂತರು. ಎಡಗಡೆ ಮಾತ್ರ ತಗ್ಗು. ಬಲಭಾಗದ ಹೊಟ್ಟು ಹಾಗೇ ಉಬ್ಬಿಕೊಂಡಿತ್ತು.

“ಬಲಗಡೆ ಜಾಗ ಬುಟ್ಟು ಕುಂತಿದ್ದೀರಿ ಅಮ್ಮಾ.”

ಆ ಕಾರಿನಲ್ಲಿ ಇವರ ಮೊಣಕೈ, ತೊಡೆ ಎಲ್ಲ ನನ್ನ ಕಡೆಗೂ ಚಾಚಿಕೊಂಡಿರುತ್ತಿದ್ದವು. ನಾನು ಎಡಬಾಗಿಲಿಗೆ ಒತ್ತಿಕೊಂಡು ಇಪ್ಪತ್ತು ವರ್ಷ ಕೂತಿದ್ದೆ. ಸಾಬರು ಚೀಲವನ್ನು ತಟ್ಟಿ ಸಮಮಾಡಿ, “ಇನ್ನೊಂದ್ಕಿತ ನಡುಮಧ್ಯೆ ಕುಂತ್ಕಳಿ” ಎಂದರು.

ಸೀಟು ತಯಾರಾಯಿತು. ಎತ್ತರವಾಗಿ, ಬಿಗಿಯಾಗಿ, ಕಾಲಿಗೆ ಬ್ರೇಕು ಸಿಗುವಂತೆ. ಆದರೆ ನಾನು ಹೋಗುತ್ತಿದ್ದದ್ದು ಸಾಬರ ಅಂಗಡಿಗೆ ಮಾತ್ರ. ಹೊಲಿಗೆ ಸಡಿಲವಾಗಿದೆ, ಎಲ್ಲೋ ಕಿರ್ರೆನ್ನುತ್ತಿದೆ, ಸೊಂಟಕ್ಕೆ ಏನೋ ಒತ್ತುತ್ತದೆ ಎಂದು ವಾರಕ್ಕೊಂದು ದೂರು ಒಯ್ಯುತ್ತಿದ್ದೆ. ಅವರು ಪ್ರತಿ ಸಲವೂ ಬೆರಳಾಡಿಸಿ ಪರೀಕ್ಷಿಸುವರು, ಟೀ ತರಿಸುವರು. ಒಂದು ದಿನ ಕೇಳಿದರು:

“ಅಮ್ಮಾ, ಈ ಕಾರು ನನ್ನ ಅಂಗ್ಡಿ ಬುಟ್ಟು ಬ್ಯಾರೆ ಎಲ್ಲಿಗಾದ್ರೂ ಹೋಗೈತಾ?”

ನಾನು ಟೀ ಲೋಟವನ್ನು ಬೆಂಚಿನ ಮೇಲಿಟ್ಟೆ.

“ಎರಡು ಬೀದಿ ದಾಟೋಕೆ ಸಾರ್ ಸೀಟು ಬಿಚ್ಚಿದಂಗಾಯ್ತು ನೋಡಿ. ಬರ್ಬೇಕು ಅನ್ಸಿದ್ರೆ ಸುಮ್ನೆ ಬನ್ನಿ, ನಿಮ್ಮನೆ ಇದ್ದಂಗೆ. ಸೀಟಿನ ಮ್ಯಾಲೆ ತಪ್ಪು ಹೊರಿಸ್ಬ್ಯಾಡಿ.”

ನಗುತ್ತಲೇ ಹೇಳಿದ್ದರು. ನನಗೆ ನಾಚಿಕೆಯಾಯಿತು. ಮೂರು ವಾರ ಆ ಕಡೆ ಹೋಗಲಿಲ್ಲ. ನಾಲ್ಕನೆಯ ವಾರ, ಯಾವ ದೂರೂ ಇಲ್ಲದೆ, ಒಂದು ಡಬ್ಬಿಯಲ್ಲಿ ಚಕ್ಕುಲಿ ಹಾಕಿಕೊಂಡು ಹೊರಟೆ. ಅಂಗಡಿಯ ಬಾಗಿಲು ಮುಚ್ಚಿತ್ತು. ಎದುರಿನ ಟೀ ಅಂಗಡಿಯವರು ರಸ್ತೆ ದಾಟಿ ಬಂದರು.

“ಸಾಬ್ರು ಹೋಗ್ಬುಟ್ರು ಅಮ್ಮಾ. ಹೋದ ಶುಕ್ರವಾರ. ಎದೆ ನೋವು ಅಂದ್ರು, ಅಷ್ಟೇಯ.”

ಎಂಜಿನ್ ಓಡುತ್ತಲೇ ಇತ್ತು. ಮನೆಗೆ ತಿರುಗಿಸಬಹುದಿತ್ತು. ತಿರುಗಿಸಲಿಲ್ಲ. ಮಾಗಡಿ ರಸ್ತೆ ಹಿಡಿದು ಸಾವನದುರ್ಗದ ಬಂಡೆ ಕಣ್ಣೆದುರು ಪೂರ್ತಿ ಏಳುವವರೆಗೂ ನಿಲ್ಲಿಸದೆ ಹೋದೆ. ಒಂದು ಮರದ ನೆರಳಲ್ಲಿ ನಿಲ್ಲಿಸಿ, ಇಳಿಯದೆ ಕೂತಿದ್ದೆ. ಅಷ್ಟು ದೂರ ಬಂದರೂ ಸೊಂಟ ಹಿಡಿದಿರಲಿಲ್ಲ, ಕಾಲು ಜೋಮು ಹಿಡಿದಿರಲಿಲ್ಲ. ಸೀಟಿನ ಬಗ್ಗೆ ಹೇಳುವಂಥ ಒಂದು ದೂರೂ ಇರಲಿಲ್ಲ. ಇಲ್ಲವೆಂದು ಯಾರಿಗೆ ಹೇಳಬೇಕಿತ್ತೋ ಅವರೂ ಇರಲಿಲ್ಲ.